ಪಲುಮ್ಮ ಒಪ್ಪಿದ ಕರು

ಬಿಯಾಜುವಿನ ದೊಡ್ಡಿಯಲ್ಲಿ ಹುಟ್ಟಿದ ಕರುವಿಗೆ ಮೊದಲ ವರ್ಷ ಸ್ವಂತ ಹೆಸರೆಂಬುದಿಲ್ಲ. ತಾಯಿಯ ಹೆಸರೇ ಅದರ ಹೆಸರು. ಹಾಲು ಕರೆಯುವ ಹೊತ್ತಿಗೆ ಬಿಯಾಜು ಕರುಗಳ ದೊಡ್ಡಿಯ ಗಿಡ್ಡ ಬಾಗಿಲಲ್ಲಿ ನಿಂತು, ಟೋಪಿಯನ್ನು ಹಿಂದಕ್ಕೆ ಸರಿಸಿ, "ಓ... ಪಲುಮ್ಮಾ..." ಎಂದು ರಾಗ ಎಳೆದನೆಂದರೆ ಸಾಕು. ಒತ್ತೊತ್ತಾಗಿ ನಿಂತ ಇಪ್ಪತ್ತೆರಡು ಕರುಗಳಲ್ಲಿ ಒಂದೇ ಒಂದು ಕಿವಿ ನಿಮಿರಿಸುತ್ತದೆ. ಉಳಿದವನ್ನು ತಳ್ಳಿಕೊಂಡು ಹೊರಗೆ ಬಂದು, ನೇರ ಪಲುಮ್ಮಳ ಕೆಚ್ಚಲಿಗೆ ಹೋಗಿ ಬಾಯಿಡುತ್ತದೆ. ಕರು ಬಾಯಿಡದೆ ರಗೂಸಾ ಬಯಲಿನ ಈ ಕೆಂಪು ಹಸುಗಳು ಸೊರೆ ಬಿಟ್ಟು ಹಾಲಿಳಿಸುವವಲ್ಲ. ನಾಲ್ಕು ಗುಟುಕು ಉಣ್ಣಿಸಿ, ಕರುವನ್ನು ತಾಯಿಯ ಮುಂಗಾಲಿಗೆ ಕಟ್ಟಿ, ಆಮೇಲೆ ಬಕೆಟ್ಟು ಹಿಡಿಯಬೇಕು.

ಅವನ ಮಗಳು ಓರ್ಸೊಲಾ ಮೂವತ್ತು ವರ್ಷಗಳಿಂದ ಈ ಕರೆ ಕೇಳುತ್ತ ಬಂದವಳು. ಆದರೂ ಪ್ರತಿಸಲ ಅವಳ ಮೈ ಸಣ್ಣಗೆ ಜುಮ್ಮೆನ್ನುತ್ತಿತ್ತು. ಇಗರ್ಜಿಯಲ್ಲಿ ಪಾದ್ರಿಗಳು ಸಂತರ ಹೆಸರುಗಳನ್ನು ಒಂದೊಂದಾಗಿ ಹಾಡುವಾಗ ಅವಳು ಕಣ್ಣು ಮುಚ್ಚಿ ಕೇಳುತ್ತಾಳೆ. ಅಲ್ಲಿ ಹೆಸರು ಕರೆದರೆ ಮೇಣದ ಬತ್ತಿ ಕೂಡ ಅಲುಗುವುದಿಲ್ಲ. ಇಲ್ಲಿ ಒಂದು ಜೀವ ಎದ್ದು ಬರುತ್ತದೆ. ಇದನ್ನು ಅವಳು ಯಾರಿಗೂ ಹೇಳಿದವಳಲ್ಲ. ಅವಳು ಹೇಳುವುದೇ ಕಡಿಮೆ.

"ಕರು ಆದ್ರೂ ಹಸಿವಾದ್ರೆ ಅಂಬಾ ಅನ್ನುತ್ತೆ. ನಮ್ಮ ಹುಡುಗಿ ಅದೂ ಅನ್ನಲ್ಲ," ಎಂದು ಚೀಸ್ ಮಾಡುವ ಫಿಲಿಪ್ಪತ್ತೆ ಆಡಿಕೊಳ್ಳುತ್ತಿದ್ದಳು.

ಆ ಮಾರ್ಚಿನಲ್ಲಿ ಪಲುಮ್ಮ ಗಬ್ಬವಾಗಿದ್ದಳು. ವಯಸ್ಸು ಹದಿನಾಲ್ಕು, ಬಹುಶಃ ಇದೇ ಕೊನೆಯದು. ತಳಿಪುಸ್ತಕದಲ್ಲಿ ಅವಳ ವಂಶ ಒಂಬತ್ತು ತಲೆಮಾರು ಹಿಂದಕ್ಕೆ ಹೋಗುತ್ತದೆ. ಈವರೆಗೆ ಎಂಟು ಕರು ಹಾಕಿದ್ದಳು, ಎಂಟೂ ಹೆಣ್ಣು. ಒಂದು ಹೋರಿಗರು ಹುಟ್ಟಿ ಬೀಜದ ಹೋರಿಯೆಂದು ಪುಸ್ತಕ ಸೇರಿದರೆ ಪಲುಮ್ಮಳ ರಕ್ತ ಬಯಲಿನ ಎಲ್ಲ ಕೊಟ್ಟಿಗೆಗಳಿಗೂ ಹಂಚಿಹೋಗುತ್ತದೆ ಎಂಬುದು ಬಿಯಾಜುವಿನ ಹಂಬಲ. ಅದೇ ವಾರ ಬೊನನೋವಾ ಎಂಬ ಚೊಚ್ಚಲ ಹಸುವೂ ಈಯುವುದಿತ್ತು. ಸಂತೆಯಲ್ಲಿ ಕೊಂಡದ್ದು. ಅದರ ತಾಯಿ ಯಾರೆಂದು ದೇವರಿಗೇ ಗೊತ್ತು.

ಮಂಜು ಕವಿದ ಒಂದು ಬೆಳಗ್ಗೆ ಓರ್ಸೊಲಾ ಕೆಳಗಿನ ಹೊಲಕ್ಕೆ ಹೋದಾಗ ಎರಡೂ ಈದಾಗಿತ್ತು. ನೀರಿನ ತೊಟ್ಟಿಯ ಬಳಿ ಪಲುಮ್ಮ ಒಂದು ಹೋರಿಗರುವನ್ನು ನೆಕ್ಕುತ್ತಿದ್ದಳು. ಅಷ್ಟು ದೂರದಲ್ಲಿ ಕರೂಬ ಮರದ ಕೆಳಗೆ ಒಂದು ಹೆಣ್ಣುಗರು, ಅದರ ಪಕ್ಕದಲ್ಲಿ ಕಣ್ಣು ಅಗಲಿಸಿಕೊಂಡ ಬೊನನೋವಾ. ಓರ್ಸೊಲಾ ಹೋರಿಗರುವಿನ ಕಿವಿಗೆ ಪಲುಮ್ಮಳ ಹೆಸರಿನ ಬಿಲ್ಲೆಯನ್ನೂ ಹೆಣ್ಣುಗರುವಿನ ಕಿವಿಗೆ ಬೊನನೋವಾಳ ಬಿಲ್ಲೆಯನ್ನೂ ಹಾಕಿದಳು. ಹಾಕಿ ನಿಂತಾಗ ಅವಳಿಗೆ ನೆನಪಾಯಿತು. ಪಲುಮ್ಮ ಇಷ್ಟು ವರ್ಷ ಈಯುತ್ತಿದ್ದುದು ಆ ಕರೂಬ ಮರದ ಬುಡದಲ್ಲೇ. ಬೇರೆಲ್ಲೂ ಅಲ್ಲ.

ಅಷ್ಟರಲ್ಲಿ ಅಪ್ಪ ಬಂದ. ಗಂಡು ಎಂದು ಕಂಡದ್ದೇ ಒದ್ದೆ ಹುಲ್ಲಿನ ಮೇಲೆ ಮಂಡಿಯೂರಿದ. ಅಳುತ್ತಿದ್ದ. ಓರ್ಸೊಲಾಳ ಬಾಯಿಗೆ ಬಂದ ಮಾತು ಅಲ್ಲಿಯೇ ಉಳಿಯಿತು.

ಆರು ವಾರ ಕಳೆದವು. "ಓ ಪಲುಮ್ಮಾ" ಎಂದರೆ ಹೋರಿಗರು ಹಾರಿ ಬರುತ್ತಿತ್ತು. ಪಲುಮ್ಮ ಧಾರಾಳವಾಗಿ ಸೊರೆ ಬಿಡುತ್ತಿದ್ದಳು. ಸಂಶಯಕ್ಕೆ ಜಾಗವೆಲ್ಲಿ ಎಂದು ಓರ್ಸೊಲಾ ತನಗೆ ತಾನೇ ಹೇಳಿಕೊಂಡಳು. ಜಪಮಾಲೆ ಹಿಡಿದು ಕುಳಿತರೆ ಮಾತ್ರ ಮಣಿಗಳು ಬೆರಳಿಗೆ ಭಾರವಾಗುತ್ತಿದ್ದವು.

ತಳಿಪುಸ್ತಕದ ಕಚೇರಿಯಿಂದ ಡಾಕ್ಟರ್ ಕಸ್ಕೋನೆ ಬಂದರು. ಟೇಪು ಹಿಡಿದು ಎದೆ ಅಳೆದರು, ಬೆನ್ನು ಸವರಿದರು, ಮೂತಿಯ ಕಪ್ಪು ನೋಡಿದರು.

"ಬಿಯಾಜು, ಗಂಡು ಅಂದ್ರೆ ಇದಪ್ಪಾ! ಎದೆ ನೋಡು, ಇಗರ್ಜಿ ಬಾಗಿಲಿದ್ದ ಹಾಗಿದೆ."

"ಯಾರ ಮಗ ಅಂದ್ಕೊಂಡ್ರಿ ಡಾಕ್ಟ್ರೇ?"

"ತಿಂದು ಮಾತಾಡಿ, ಆರಿಹೋಗುತ್ತೆ," ಎಂದು ಫಿಲಿಪ್ಪತ್ತೆ ಬಿಸಿ ರಿಕೋತ್ತಾ ಚೀಸಿನ ಬಟ್ಟಲನ್ನು ಅವರ ಕಾಗದಗಳ ಮೇಲೆಯೇ ಇಟ್ಟಳು.

ಡಾಕ್ಟರು ಬಟ್ಟಲು ಸರಿಸಿ ಓದಿದರು. "ಹುಟ್ಟಿದ್ದನ್ನ ಕಣ್ಣಾರೆ ಕಂಡವರು ಇಲ್ಲಿ ರುಜು ಹಾಕ್ಬೇಕು. ಯಾರು ಕಂಡಿದ್ದು?"

"ಇವಳೇ. ಹಾಕು ಮಗಳೇ."

ಓರ್ಸೊಲಾ ಪೆನ್ನು ಹಿಡಿದಳು. ಕಾಣದ ಊರುಗಳ ದೊಡ್ಡಿಗಳ ಬಾಗಿಲಲ್ಲಿ ಯಾರು ಯಾರೋ ನಿಂತು, ಈ ಹೋರಿಯ ಮಕ್ಕಳು ಮೊಮ್ಮಕ್ಕಳನ್ನು ಕರೆಯುವುದು ಅವಳ ಕಿವಿಗೆ ಕೇಳಿಸಿದಂತಾಯಿತು. ಅವರೆಲ್ಲ ಈ ಪುಸ್ತಕವನ್ನು ನಂಬಿಯೇ ಅವನ್ನು ಸಾಕಿರುತ್ತಾರೆ. ಇನ್ನೊಂದು ಕಡೆ, ತಾನು ಬಾಯಿಬಿಟ್ಟರೆ ಎದುರಿಗೆ ನಿಂತು ತನ್ನ ಲಂಗದ ಅಂಚನ್ನು ಚೀಪುತ್ತಿರುವ ಈ ಜೀವ ಕಟುಕನ ಪಾಲು. ಪುಸ್ತಕ ಸೇರದ ಹೋರಿಗರುವಿಗೆ ಬೇರೆ ದಾರಿ ಇಲ್ಲ.

"ನಾನು ಕಂಡಿಲ್ಲ," ಎಂದಳು.

"ಏನಂದೆ?"

"ಹುಟ್ಟಿದ್ದು ಕಂಡಿಲ್ಲ ಅಪ್ಪಾ. ನಾನು ಹೋದಾಗ ಎರಡೂ ಹುಟ್ಟಿದ್ವು. ಹೆಣ್ಣುಗರು ಮರದ ಕೆಳಗಿತ್ತು. ಪಲುಮ್ಮನ ಜಾಗದಲ್ಲಿ."

ಬಿಯಾಜುವಿನ ಮುಖ ಸುಣ್ಣದ ಗೋಡೆಯಾಯಿತು. "ಆರು ವಾರ! ಆರು ವಾರ ಬಾಯಲ್ಲಿ ಕಲ್ಲಿಟ್ಕೊಂಡಿದ್ದೆ, ಇವತ್ತೇ ಉಗುಳ್ಬೇಕಿತ್ತಾ?"

ಕಸ್ಕೋನೆ ಪೆನ್ನಿನ ಮುಚ್ಚಳ ಹಾಕಿದರು. "ಬೈಬೇಡ ಬಿಯಾಜು. ಇಂಥ ಮಾತು ಹೇಳಿದವರನ್ನ ನಾನು ನನ್ನ ನೌಕರಿಯಲ್ಲಿ ಇನ್ನೊಬ್ಬರನ್ನ ನೋಡಿಲ್ಲ. ನಾಲ್ಕೂ ಜೀವದ ರಕ್ತ ತಗೊಂಡು ಉತ್ತರದ ಕಡೆಯ ಲ್ಯಾಬಿಗೆ ಪರೀಕ್ಷೆಗೆ ಕಳಿಸ್ತೀನಿ. ಅದೇ ಹೇಳಲಿ."

ರಕ್ತ ಹೇಳಿತು. ಇಪ್ಪತ್ತು ದಿನಕ್ಕೆ ಕಾಗದ ಬಂತು. ಹೋರಿಗರು ಬೊನನೋವಾಳದು, ಹೆಣ್ಣುಗರು ಪಲುಮ್ಮಳದು.

ಬಿಯಾಜು ಕಾಗದ ಮಡಚಿ ಜೇಬಿಗಿಟ್ಟ. ಮಗಳ ಮುಖ ನೋಡಲಿಲ್ಲ. "ಶನಿವಾರ ಕಟುಕ ಮಿನಿಕು ಬರ್ತಾನೆ. ಅಷ್ಟರಲ್ಲಿ ಪಲುಮ್ಮಂಗೆ ಅವಳ ಮಗಳನ್ನ ರೂಢಿ ಮಾಡ್ಬೇಕು," ಎಂದಷ್ಟೇ ಹೇಳಿದ.

ಶುಕ್ರವಾರ ಸಂಜೆ ಹೆಣ್ಣುಗರುವನ್ನು ಹಗ್ಗ ಹಾಕಿ ಎಳೆತಂದ. ಪಲುಮ್ಮ ಅದನ್ನು ಮೂಸಿದಳು. ಒದೆಯಲಿಲ್ಲ, ಹಾಯಲಿಲ್ಲ. ಅದು ಕೆಚ್ಚಲಿಗೆ ಬಾಯಿ ಹಾಕಿದರೂ ಸುಮ್ಮನೆ ನಿಂತಳು. ಆದರೆ ಒಂದು ಹನಿ ಇಳಿಯಲಿಲ್ಲ. ಬಿಸಿನೀರಿನ ಬಟ್ಟೆ ಒತ್ತಿದರು. ಫಿಲಿಪ್ಪತ್ತೆ ಕರುವಿನ ಬೆನ್ನಿಗೆ ಉಪ್ಪು ಸವರಿ, "ನೆಕ್ಕೇ ನಮ್ಮಮ್ಮಾ, ನಿನ್ನ ಹೊಟ್ಟೇಲಿ ಹುಟ್ಟಿದ್ದು ಕಣೇ," ಎಂದಳು. ಪಲುಮ್ಮ ಉಪ್ಪು ನೆಕ್ಕಿದಳು. ಹಾಲು ಬಿಡಲಿಲ್ಲ.

"ಉಪ್ಪು ತಿಂದು ದ್ರೋಹ ಮಾಡೋದು ಮನುಷ್ಯರು ಮಾತ್ರ ಅಂದ್ಕೊಂಡಿದ್ದೆ," ಎಂದು ಅತ್ತೆ ಗೊಣಗಿದಳು. ಅತ್ತ ಬೊನನೋವಾ ಆ ಹೆಣ್ಣುಗರುವಿಗಾಗಿ ಗೋಡೆ ಬಿರಿಯುವ ಹಾಗೆ ಕೂಗುತ್ತಿದ್ದಳು.

ಶನಿವಾರ ಬೆಳಗ್ಗೆಯೂ ಅದೇ ಕತೆ. ಪಲುಮ್ಮಳ ಕೆಚ್ಚಲು ಕಲ್ಲಾಗಿ ಕಾದಿತ್ತು. ಕಟುಕ ಮಿನಿಕು ಹಗ್ಗ ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ಬಂದ.

"ಎಲ್ಲಪ್ಪಾ ನಿನ್ನ ರಾಜಕುಮಾರ?"

ಓರ್ಸೊಲಾ ಹೋಗಿ ಕರುಗಳ ದೊಡ್ಡಿಯ ಬಾಗಿಲು ತೆರೆದಳು. ಕರೆಯಲಿಲ್ಲ. ಹೋರಿಗರು ತಾನೇ ಹೊರಗೆ ಬಂದಿತು. ಅಂಗಳದ ಆ ಕಡೆಯಿಂದ ಪಲುಮ್ಮ ತಲೆ ಎತ್ತಿ ಗಂಟಲಲ್ಲೇ ಒಂದು ಸದ್ದು ಮಾಡಿದಳು. ಕರು ಇನ್ನೂ ಹತ್ತು ಹೆಜ್ಜೆ ದೂರದಲ್ಲಿತ್ತು. ಅಷ್ಟರಲ್ಲೇ ಅವಳ ನಾಲ್ಕೂ ಮೊಲೆಗಳಿಂದ ಹಾಲು ತಂತಾನೆ ಜಿನುಗಿ, ಆಮೇಲೆ ಎಳೆಯಾಗಿ, ಕೆಳಗಿನ ಬಿಳಿ ಕಲ್ಲಿನ ಮೇಲೆ ಇಳಿಯತೊಡಗಿತು. ಅದರ ಸದ್ದು ಎಲ್ಲರಿಗೂ ಕೇಳಿಸಿತು.

ಬಿಯಾಜು ಟೋಪಿ ತೆಗೆದ.

"ಗೊತ್ತಾಗ್ಲಿಲ್ವಾ ಇವಳಿಗೆ?" ಎಂದ. ಮಾತು ಪಿಸುಗುಟ್ಟಿದಂತಿತ್ತು. "ಹದಿನಾಲ್ಕು ವರ್ಷದ ಹಸು. ತನ್ನ ಕರು ಯಾವುದು ಅಂತ ಗೊತ್ತಾಗ್ಲಿಲ್ವಾ?"

"ಗೊತ್ತಿತ್ತು ಅನ್ಸುತ್ತೆ ಅಪ್ಪಾ," ಎಂದಳು ಓರ್ಸೊಲಾ. "ಚೊಚ್ಚಲದ್ದು ಹೆದರಿ ಕರು ಬಿಟ್ಟು ಓಡಿರ್ಬೇಕು. ಇವನು ತೊಟ್ಟಿ ಹತ್ರ ಒಬ್ಬನೇ ಚಳೀಲಿ ಬಿದ್ದಿದ್ದ. ಕೂಗಿರ್ತಾನೆ. ಇವಳು ತನ್ನದನ್ನ ಬಿಟ್ಟು ಎದ್ದು ಹೋಗಿದಾಳೆ."

ಇಷ್ಟು ಉದ್ದದ ಮಾತನ್ನು ಅವಳು ಹಿಂದೆಂದೂ ಆಡಿರಲಿಲ್ಲ. ಫಿಲಿಪ್ಪತ್ತೆ ಆಡಿಕೊಳ್ಳಲು ಬಾಯಿ ತೆರೆದವಳು ಶಿಲುಬೆಯ ಗುರುತು ಮಾಡಿಕೊಂಡಳು.

"ಹಾಗಾದ್ರೆ ನಾನು?" ಎಂದ ಮಿನಿಕು, ಹಗ್ಗ ತೋರಿಸಿ.

"ಇವನನ್ನ ನಿಂಗೆ ಕೊಟ್ರೆ ಇವಳಿಗೆ ಬಾಯಿಡೋರು ಯಾರು? ನೀನಾ?" ಎಂದ ಬಿಯಾಜು. "ಇವಳು ಹಾಲು ಕೊಡೋ ತನಕ ಇವನು ಇಲ್ಲೇ. ಪುಸ್ತಕದಲ್ಲಿ ನಿಜವೇ ಇರಲಿ, ಓರ್ಸೊಲಾ ಹೇಳಿದ ಹಾಗೆ. ಆ ಹೆಣ್ಣುಗರುನ ಬಿಡಿ, ಪಾಪ, ಅದರ ಅಮ್ಮನ ಹತ್ರ ಹೋಗ್ಲಿ."

ಯಾವ ಅಮ್ಮ ಎಂದು ಯಾರೂ ಕೇಳಲಿಲ್ಲ. ಅತ್ತೆ ಹಗ್ಗ ಬಿಚ್ಚಿದಳು. ಹೆಣ್ಣುಗರು ಬೊನನೋವಾಳ ಕಡೆ ಓಡಿತು, ಗೋಡೆಯಾಚೆಯ ಕೂಗು ನಿಂತಿತು.

ಓರ್ಸೊಲಾ ಹೋರಿಗರುವನ್ನು ಪಲುಮ್ಮಳ ಮುಂಗಾಲಿಗೆ ಕಟ್ಟಿ, ಬಕೆಟ್ಟು ಮಂಡಿಗಳ ನಡುವೆ ಇರಿಸಿಕೊಂಡು ಕುಳಿತಳು. ಹಣೆಯನ್ನು ಹಸುವಿನ ಬಿಸಿ ಪಕ್ಕೆಗೆ ಆನಿಸಿದಳು. ಒಳಗೆ ಎಲ್ಲೋ ಆ ದೊಡ್ಡ ಹೃದಯ ನಿಧಾನವಾಗಿ ಬಡಿಯುತ್ತಿತ್ತು. ಮಿನಿಕು ಹಗ್ಗವನ್ನು ನೆಲಕ್ಕಿಟ್ಟು ಅಲ್ಲಿಯೇ ನಿಂತ. ಬಕೆಟ್ಟು ತುಂಬುವವರೆಗೂ ಬಿಯಾಜು ಟೋಪಿ ಹಾಕಿಕೊಳ್ಳಲಿಲ್ಲ.