ಕರಡಿಗೆಯ ಕೆಳಗಿನ ಗಂಟು

ಅಮೀನಗಡದ ಬಸ್‌ಸ್ಟ್ಯಾಂಡಿನ ಎದುರು ಕರದಂಟಿನ ಅಂಗಡಿ ಇಟ್ಟುಕೊಂಡಿದ್ದ ಶಿವಬಸವ್ವನ ಬಾಯಿಗೆ ಒಂದು ಮಾತು ಬಂತೆಂದರೆ, ಎದುರಿಗೆ ಬರುವ ಲಾರಿಯೂ ಅದನ್ನು ತಡೆಯುವಂತಿರಲಿಲ್ಲ. ಗಂಡ ಅಂದಪ್ಪ ಇಡೀ ಸಂಸಾರದಲ್ಲಿ ಆಡಿದ ಮಾತೆಲ್ಲ ಹೆಚ್ಚುಕಡಿಮೆ "ಹೂಂ" ಎಂಬುದರಲ್ಲೇ ಮುಗಿದಿತ್ತು. ಅದಕ್ಕೂ "ಏನ ಹೂಂ?" ಎಂದು ಆಗಾಗ ಬೈಸಿಕೊಳ್ಳುತ್ತಿದ್ದ. ನಿನ್ನೆ ಯಾರ ಮನೆಯ ಹಾಲು ಒಡೆಯಿತು, ಯಾರ ಸೊಸೆ ತವರಿಗೆ ಹೋದಳು, ಎಲ್ಲವನ್ನೂ ಕರದಂಟಿನ ಅಂಟು ಹುರಿಯುತ್ತಲೇ ಊರಿಗೆ ಹಂಚುವ ಈ ಹೆಂಗಸು ಒಂದು ಸಂಗತಿಯನ್ನು ತಿಂಗಳುಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡಿದ್ದಳೆಂದರೆ ನೀವು ನಂಬುವುದಿಲ್ಲ. ನಂಬದಿದ್ದರೆ ಬಿಡಿ, ನಡೆದದ್ದು ಮಾತ್ರ ಖರೆ.

ಒಂದು ಮುಂಜಾನೆ ಜಳಕ ಮಾಡುವಾಗ ಅವಳ ಎಡ ಎದೆಯಲ್ಲಿ ಕೈಗೊಂದು ಗಂಟು ಸಿಕ್ಕಿತು. ಕಡಲೆಕಾಳಿನಷ್ಟು. ನೋವಿಲ್ಲ, ಉರಿಯಿಲ್ಲ. ಇಷ್ಟಲಿಂಗವನ್ನು ಇಟ್ಟುಕೊಂಡು ಕೊರಳಿಗೆ ಹಾಕಿಕೊಳ್ಳುವ ಬೆಳ್ಳಿಯ ಡಬ್ಬಿ, ಅಂದರೆ ಕರಡಿಗೆ, ಸರಿಯಾಗಿ ಆ ಜಾಗದ ಮೇಲೆಯೇ ಬಂದು ಕೂಡುತ್ತಿತ್ತು. ಶಿವಬಸವ್ವ ತಂಬಿಗೆ ಕೆಳಗಿಟ್ಟು ಇನ್ನೊಮ್ಮೆ ಮುಟ್ಟಿ ನೋಡಿಕೊಂಡಳು. ಹೆದರಿಕೆಯಾಯಿತು. ಆಮೇಲೆ ತಾನೇ ವೈದ್ಯಳಾಗಿ ತಾನೇ ತೀರ್ಮಾನ ಕೊಟ್ಟುಕೊಂಡಳು. ಪೆನ್ನು ಹಿಡಿದ ಮಾಸ್ತರರ ಬೆರಳು ಜಡ್ಡುಗಟ್ಟುತ್ತದೆ, ಸೌಟು ಹಿಡಿದ ತನ್ನ ಅಂಗೈ ಜಡ್ಡುಗಟ್ಟಿದೆ, ಚಿಕ್ಕಂದಿನಿಂದ ಲಿಂಗ ಕಟ್ಟಿಕೊಂಡ ಎದೆ ಜಡ್ಡುಗಟ್ಟದೆ ಬಿಡುತ್ತದೆಯೇ? ಇದು ಅಯ್ಯ, ಅಂದರೆ ಆ ಲಿಂಗಯ್ಯ, ಕೂತು ಕೂತು ಬಿದ್ದ ಗುರುತು. ಹಾಗೆ ಅಂದುಕೊಂಡ ಮೇಲೆ ಅವಳಿಗೆ ಹೆದರಿಕೆ ಹೋಗಿ ಒಂದು ನಮೂನೆಯ ಹೆಮ್ಮೆಯೂ ಬಂತು.

ಈ ಹೆಮ್ಮೆಯನ್ನು ಅವಳು ಹೇಳಿಕೊಂಡದ್ದು ಪಕ್ಕದ ಬಳೆ ಅಂಗಡಿಯ ಅಮೀನಬಿಗೆ ಮಾತ್ರ. ಇಬ್ಬರೂ ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಒಂದೇ ಗೋಡೆಯ ಆಚೆ ಈಚೆ ಇದ್ದವರು.

ಅಮೀನಬಿ ಕೇಳಿ ನಗಲಿಲ್ಲ. "ಯಕ್ಕಾ, ದವಾಖಾನಿಗೆ ಹೋಗಿ ತೋರ್ಸು," ಎಂದಳು.

"ಜಡ್ಡು ತೋರ್ಸಾಕ ದವಾಖಾನಿಗೆ ಹೋಗ್ತಾರೇನ? ಹಂಗಿದ್ರ ಮೊದಲ ನಮ್ಮನಿಯವರ ಅಂಗಾಲ ತೋರಿಸ್ಬೇಕು, ಎಮ್ಮಿ ತೊಗಲ ಆಗೈತಿ."

"ಬೆಳಿಯಾಕತ್ತೈತೇನು?"

"ಭಕ್ತಿ ಬೆಳದಂಗ ಅದೂ ಬೆಳಿತೈತಿ. ನಿನಗೇನ್ ತ್ರಾಸು?"

ಅಮೀನಬಿ ಬಳೆಯ ದಾರ ಬಿಗಿಯತೊಡಗಿದಳು. ಆದರೆ ಅಂದಿನಿಂದ ದಿನಕ್ಕೊಮ್ಮೆಯಾದರೂ "ದವಾಖಾನಿ" ಎಂಬ ಶಬ್ದ ಅವಳ ಬಾಯಿಂದ ಬರುತ್ತಿತ್ತು.

ಅದೇ ಹೊತ್ತಿಗೆ ಸ್ತ್ರೀಶಕ್ತಿ ಸಂಘದ ಸಭೆಗೆ ಬಾಗಲಕೋಟೆಯಿಂದ ಮಹೇಶ್ವರಿ ಎಂಬ ಡಾಕ್ಟರು ಬಂದರು. ಎರಡು ಸಾವಿರದ ನಾಲ್ಕನೆಯ ಇಸವಿ, ರಸ್ತೆಯಲ್ಲಿ ಗಾಡಿಗಳು ದಿನದಿನಕ್ಕೆ ಹೆಚ್ಚುತ್ತಿದ್ದ ಕಾಲ. ಹೆಂಗಸರ ಎದೆಯ ಕ್ಯಾನ್ಸರಿನ ಬಗ್ಗೆ ಡಾಕ್ಟರು ಬಿಡಿಸಿ ಹೇಳಿದರು. ಗಾಡಿಯ ಹೊಗೆ, ಒಲೆಯ ಹೊಗೆ ಹೆಚ್ಚಿಗೆ ಕುಡಿಯುವ ಹೆಂಗಸರಿಗೆ ಇದರ ಅಪಾಯ ಒಂದಿಷ್ಟು ಹೆಚ್ಚೇನೋ ಎಂದು ದೊಡ್ಡ ದೊಡ್ಡವರಿಗೆ ಸಂಶಯವಿದೆ, ಸಂಶೋಧನೆ ನಡೆದಿದೆ, ಖಾತ್ರಿಯಾಗಿ ಹೇಳಲು ಇನ್ನೂ ಬರುವುದಿಲ್ಲ ಎಂದರು. ಯಾತರಿಂದಲೇ ಬರಲಿ, ಗಂಟು ಕೈಗೆ ಸಿಕ್ಕರೆ ಸುಮ್ಮನೆ ಕೂಡಬೇಡಿ, ಬೇಗ ತೋರಿಸಿದರೆ ಬದುಕುತ್ತೀರಿ ಎಂದು ಕೈಮುಗಿದರು.

ಶಿವಬಸವ್ವ ಮುಂದಿನ ಸಾಲಿನಲ್ಲಿ ಕೂತು ಬಾಯಿ ತೆರೆದು ಕೇಳಿದಳು. ಕೇಳಿದ ಭಾಷಣದಲ್ಲಿ ಗಂಟಿನ ಅರ್ಧವನ್ನು ಅಲ್ಲೇ ಜಮಖಾನೆಯ ಮೇಲೆ ಬಿಟ್ಟು, ಹೊಗೆಯ ಅರ್ಧವನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದಳು. ಅದರಲ್ಲೂ ಒಲೆಯ ಹೊಗೆ ಹಾದಿಯಲ್ಲೆಲ್ಲೋ ಬಿದ್ದುಹೋಯಿತು, ಉಳಿದದ್ದು ಬಸ್ಸಿನದು ಮಾತ್ರ.

ಮರುದಿನದಿಂದ ಬಸ್‌ಸ್ಟ್ಯಾಂಡಿಗೆ ಶನಿ ಹಿಡಿಯಿತು. ಬಸ್ಸು ಬಂದು ನಿಂತಿತೋ ಇಲ್ಲವೋ, ಸೌಟು ಹಿಡಿದ ಶಿವಬಸವ್ವ ಡ್ರೈವರನ ಕಿಟಕಿಯ ಕೆಳಗೆ ಹಾಜರು. "ಇಂಜಿನ್ ಬಂದ್ ಮಾಡು! ನಿನ್ನ ಮನ್ಯಾಗ ಹೆಂಗಸರಿಲ್ಲೇನು? ಅವರಿಗೆ ಎದಿ ಇಲ್ಲೇನು?" ಎಂದು ನಡುರಸ್ತೆಯಲ್ಲಿ ಕೂಗಿದರೆ ಎಂಥ ಡ್ರೈವರನಾದರೂ ಏನು ಉತ್ತರ ಕೊಟ್ಟಾನು? ಪಾಪ, ಕಿವಿ ಕೆಂಪಗೆ ಮಾಡಿಕೊಂಡು ಕೀಲಿ ತಿರುವುತ್ತಿದ್ದ. ಹಾಗೆ ಕೂಗುವಾಗ ಇತ್ತ ಅವಳ ಅಡುಗೆಮನೆಯಿಂದ ಜಾಲಿಕಟ್ಟಿಗೆಯ ಹೊಗೆ ಅಂಗಡಿಯನ್ನೆಲ್ಲ ತುಂಬಿ ಗಿರಾಕಿಗಳು ಕಣ್ಣೊರೆಸಿಕೊಂಡು ಕರದಂಟು ಕೊಳ್ಳುತ್ತಿದ್ದರು.

ಅಂದಪ್ಪ ಒಂದು ದಿನ ಧೈರ್ಯ ಮಾಡಿ, "ನಮ್ಮ ಒಲಿದು?" ಎಂದು ಕೇಳಿದ. ಆ ವರ್ಷ ಅವನು ಆಡಿದ ಅತಿ ದೊಡ್ಡ ಮಾತು ಅದು.

"ಅದು ಮನಿ ಹೊಗಿ. ಮನಿ ಹೊಗಿ ಮನಿ ಮಂದಿಗೆ ಏನ್ ಮಾಡ್ತೈತಿ?"

"ಹೂಂ," ಎಂದ ಅಂದಪ್ಪ.

ಎಲ್ಲ ಡ್ರೈವರರೂ ಬಗ್ಗಿದರು, ಮುದಕಪ್ಪ ಎಂಬವನೊಬ್ಬ ಮಾತ್ರ ಬಗ್ಗಲಿಲ್ಲ. ಅವನದು ಇಳಕಲ್ಲಿಗೆ ಹೋಗುವ ಒಂದು ಹಳೆಯ ಖಾಸಗಿ ಬಸ್ಸು. "ಯಕ್ಕಾರ, ಕೈ ಮುಗಿತೇನ್ರಿ, ಇದನ್ನ ಬಂದ್ ಮಾಡಿದ್ರ ಮತ್ತ ಚಾಲೂ ಆಗೂದಿಲ್ರಿ. ಸೆಲ್ಫ್ ಹೋಗೈತ್ರಿ," ಎಂದ.

"ಹೋಗಿದ್ರ ಹುಡುಕ್ಕೊಂಡು ಬಾ. ಮೊದಲ ಬಂದ್ ಮಾಡು."

ಮುದಕಪ್ಪ ಸಿಟ್ಟಿಗೆ ಬಂದು ಬಂದ್ ಮಾಡಿಯೇ ಬಿಟ್ಟ. ಬಸ್ಸಿನ ತುಂಬ ಇಳಕಲ್ಲಿನ ಮದುವೆಗೆ ಹೊರಟ ಬೀಗರು. ಮುಹೂರ್ತ ಹತ್ತಿರ ಬಂದಿತ್ತು. ಮುದಕಪ್ಪ ಕೀಲಿ ತಿರುವಿದ, ಬಸ್ಸು ಕೆಮ್ಮಿತು, ಸುಮ್ಮನಾಯಿತು. ಇಳಿದರು ಎಲ್ಲರೂ. ರುಮಾಲು ಸುತ್ತಿದ ಬೀಗರು, ಜರತಾರಿ ಸೀರೆಯ ಬೀಗತಿಯರು, ಕಡೆಗೆ ಬಾಸಿಂಗ ಕೈಯಲ್ಲಿ ಹಿಡಿದ ಮದುಮಗನೂ ಇಳಿದು ಬಸ್ಸಿನ ಬೆನ್ನಿಗೆ ಕೈಕೊಟ್ಟ. ಶಿವಬಸವ್ವನಿಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೂ ನೂಕಲು ನಿಂತಳು. ಬಸ್ಸು ನಾಲ್ಕು ಮಾರು ಮುಂದೆ ಹೋಗಿ ಗಡಗಡ ಎಂದಿತು, ಅಷ್ಟು ಹೊತ್ತು ಹೊಟ್ಟೆಯಲ್ಲಿಟ್ಟುಕೊಂಡದ್ದನ್ನೆಲ್ಲ ನೂಕಿದವರ ಮುಖಕ್ಕೇ ಉಗುಳಿ ಚಾಲೂ ಆಯಿತು. ಮದುಮಗನ ಬಿಳಿ ಅಂಗಿಯ ಪಾಡು ಕೇಳಬೇಡಿ.

ಮಸಿ ಮೆತ್ತಿದ ಮುಖದಲ್ಲಿ ಹಲ್ಲು ಮಾತ್ರ ಕಾಣುತ್ತಿದ್ದ ಶಿವಬಸವ್ವ, "ನೋಡಿದ್ರಿಲ್ಲೋ? ನಾ ಬಡಕೊಳ್ಳೂದು ಇದನ್ನ!" ಎಂದು ಗೆದ್ದವಳ ಹಾಗೆ ತಿರುಗಿ ಬಂದಳು.

ಅಮೀನಬಿ ಒದ್ದೆ ಅರಿವೆ ಕೊಟ್ಟು, "ಊರ ಮಂದಿ ಎದಿ ಕಾಯಾಕ ನಿಂತಿ. ನಿಂದು ಯಾರ ಕಾಯ್ಬೇಕು?" ಎಂದಳು.

"ನಂದು ಅಯ್ಯ ಕಾಯ್ತಾನ," ಎಂದು ಶಿವಬಸವ್ವ ಮುಖ ಒರೆಸಿಕೊಂಡಳು. ಒರೆಸಿಕೊಳ್ಳುವಾಗ ಕೈ ತಾನಾಗಿಯೇ ಕರಡಿಗೆಯ ಕೆಳಗೆ ಹೋಯಿತು. ಕಡಲೆಕಾಳು ಈಗ ಅಡಿಕೆಯಾಗಿತ್ತು. ಅವಳು ಕೈ ಸರ್ರನೆ ಹಿಂದಕ್ಕೆ ತೆಗೆದುಕೊಂಡಳು.

ಮುಂದೆ ಊರಿಗೆ ಎದೆ ತಪಾಸಣೆಯ ಶಿಬಿರ ಬಂತು. ಬಂದವರು ಮತ್ತೆ ಅದೇ ಡಾಕ್ಟರು. ಸಮುದಾಯ ಭವನದ ಒಂದು ಕೋಣೆಗೆ ಹಳೆಯ ಇಳಕಲ್ ಸೀರೆಯನ್ನು ಪರದೆಯಾಗಿ ಕಟ್ಟಿದ್ದರು. ಓಣಿಯ ಹೆಂಗಸರನ್ನು ಹೊರಡಿಸಿ ತಂದವಳು ಶಿವಬಸವ್ವನೇ. ಒಬ್ಬಳ ರೊಟ್ಟಿಯ ಹಂಚು ಇಳಿಸಿ, ಇನ್ನೊಬ್ಬಳ ಅತ್ತೆಯನ್ನು ಬೈದು, ಗಿರಣಿಯ ಶಾರವ್ವನನ್ನು ಹಿಟ್ಟು ಮೆತ್ತಿದ ಕೈಯಲ್ಲೇ ಎಳೆದು ತಂದಳು. ಬಂದವರೆಲ್ಲ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತರು. ಕೂತವರು ಏಳಲಿಲ್ಲ.

"ಏಳ್ರೆವ್ವಾ, ಒಬ್ಬೊಬ್ಬರ ಒಳಗ ಹೋಗ್ರಿ. ಒಳಗಿರಾಕಿ ಹೆಂಗಸು, ಹುಲಿ ಅಲ್ಲ," ಎಂದಳು ಶಿವಬಸವ್ವ.

ಶಾರವ್ವ ಸೆರಗು ಸರಿಮಾಡಿಕೊಂಡು, "ಶಿವಬಸಕ್ಕಾ, ಹುಲಿ ಅಲ್ಲಂದ ಮ್ಯಾಲ ಮೊದಲ ನೀ ಹೋಗು. ನಿನ್ನ ಹಿಂದಿಂದ ನಾವು," ಎಂದಳು.

"ಹೌದು ಹೌದು, ಮೊದಲ ಶಿವಬಸಕ್ಕ!" ಎಂದು ಉಳಿದವರೂ ದನಿಗೂಡಿಸಿದರು.

ಶಿವಬಸವ್ವ ಎರಡು ಹೆಜ್ಜೆ ಹಿಂದಕ್ಕೆ ಸರಿದಳು. "ನಾ ಹೆಂಗ ಹೋಗ್ಲಿ? ಒಳಗ ಹ್ವಾದ್ರ ಎದಿ ಮ್ಯಾಗಿನ ಕರಡಗಿ ತಗಿ ಅಂತಾರ. ಲಿಂಗ ಮೈ ಬಿಟ್ಟು ಇರಬಾರ್ದು. ನಿಮಗ ಗೊತ್ತೈತಿಲ್ಲೋ?"

ಹೆಂಗಸರು ಮುಖ ಮುಖ ನೋಡಿಕೊಂಡರು. ಮಾತು ಖರೆಯೇ ಇತ್ತು. ಅವರಲ್ಲಿ ಲಿಂಗ ಕಟ್ಟಿದವರು ಇನ್ನೂ ನಾಲ್ಕೈದು ಮಂದಿ ಇದ್ದರು, ಅವರೂ ಎದ್ದು ಮನೆಯ ಹಾದಿ ಹಿಡಿಯಲು ಚಪ್ಪಲಿ ನೋಡತೊಡಗಿದರು. ಆಗ ಮೂಲೆಯಲ್ಲಿದ್ದ ಅಮೀನಬಿ ಬಾಯಿ ಬಿಟ್ಟಳು.

"ಯಕ್ಕಾ, ದಿನಾ ಮುಂಜಾನೆ ಪೂಜಿ ಮಾಡೂಮುಂದ ನಿಮ್ಮ ಅಯ್ಯ ಎಲ್ಲಿ ಕುಂತಿರ್ತಾನ?"

"ಎಲ್ಲಿ ಅಂದ್ರ? ಎಡಗೈ ಅಂಗೈ ಮ್ಯಾಲ."

"ಅಂಗೈ ನಿನ್ನ ಮೈಯಾಗಿಂದು ಅಲ್ಲೇನು? ಇಷ್ಟ ವರ್ಷ ಕಿಟಕ್ಯಾಗ ನೋಡೇನಿ, ಒಂದಿನಾನೂ ಅಂಗೈಯಿಂದ ಬಿದ್ದಿಲ್ಲ. ಹಿಡ್ಕೊಂಡು ನಡಿ ಒಳಗ."

ಪಡಸಾಲೆಯೆಲ್ಲ ಗೊಳ್ಳೆಂದು ನಕ್ಕಿತು. ಶಿವಬಸವ್ವ ಅಮೀನಬಿಯನ್ನು ನುಂಗುವ ಹಾಗೆ ನೋಡಿದಳು. ಎಲ್ಲರೂ ನೋಡುತ್ತಿದ್ದರು. ಪರದೆ ಸರಿಸಿಕೊಂಡು ಒಳಗೆ ಹೋಗುವುದೊಂದೇ ಉಳಿದಿತ್ತು.

ಒಳಗೆ ಮಲಗಿ, ಎಡ ಅಂಗೈಯಲ್ಲಿ ಕರಡಿಗೆ ಹಿಡಿದು, ಸೂರಿನ ಹಂಚು ನೋಡುತ್ತ ಅವಳು ಬಸ್ಸಿನ ಹೊಗೆಯ ವರದಿ ಒಪ್ಪಿಸತೊಡಗಿದಳು. ಎಷ್ಟು ಡ್ರೈವರರನ್ನು ದಾರಿಗೆ ತಂದೆ, ಮುದಕಪ್ಪನ ಬಸ್ಸು ಹೇಗೆ ನೂಕಿಸಿದೆ, ಎಲ್ಲ ಹೇಳುತ್ತಿರುವಾಗ ಡಾಕ್ಟರ ಬೆರಳು ಒಂದು ಕಡೆ ನಿಂತಿತು. ಅವಳ ಮಾತೂ ನಿಂತಿತು.

"ಇದು ಯಾವಾಗಿಂದ ಐತ್ರಿ ಅವ್ವಾರ?"

"ಅದೇನಿಲ್ರಿ ಡಾಕ್ಟರ ಬಾಯಾರ, ಕರಡಗಿ ಒತ್ತಿ ಜಡ್ಡ ಬಿದ್ದೈತಿ."

ಮಹೇಶ್ವರಿ ನಗಲೂ ಇಲ್ಲ, ಗದರಲೂ ಇಲ್ಲ. "ಜಡ್ಡು ತೊಗಲಿನ ಮ್ಯಾಲ ಇರತೈತ್ರಿ. ಇದು ಒಳಗೈತಿ," ಎಂದರು.

ಶಿವಬಸವ್ವ ತನ್ನ ಅಂಗೈ ನೋಡಿಕೊಂಡಳು. ಅಯ್ಯ ಇಲ್ಲಿದ್ದ. ಗಂಟು ಅಲ್ಲೇ ಇತ್ತು. ಊರಿಗೆಲ್ಲ ಕೇಳುವ ಅವಳ ದನಿ ಆಗ ಡಾಕ್ಟರ ಕಿವಿಗೂ ಕಷ್ಟಪಟ್ಟು ಮುಟ್ಟಿತು. "ನನಗ ಗೊತ್ತಿತ್ತವ್ವ. ಮೊದಲ ದಿನಾನ ಗೊತ್ತಿತ್ತು. ಅಂಜಿಕಿ ಆಗಿತ್ತು. ಅಯ್ಯನ ಮ್ಯಾಲ ಹಾಕಿ ಸುಮ್ಮನ ಕುಂತೆ." ಹೇಳಿ ಮುಗಿಸುವಷ್ಟರಲ್ಲಿ ಅಳು ಬಂದಿತ್ತು. ಮೂಗು ಒರೆಸಿಕೊಂಡು, "ಹೊಗಿಯಿಂದ ಆತೇನ್ರಿ?" ಎಂದು ಕೇಳಿದಳು.

"ಒಬ್ಬರಿಗೆ ಯಾತರಿಂದ ಆತಂತ ಹೇಳಾಕ ಬರೂದಿಲ್ರಿ. ವಯಸ್ಸಿರಬಹುದು, ಮನೆತನದಾಗ ಇರಬಹುದು, ಹೊಗಿನೂ ಇರಬಹುದು. ಮೊದಲ ಇದು ಏನಂತ ಸೂಜಿ ಹಾಕಿ ನೋಡೂಣು. ನಾಳೆನ ಬಾಗಲಕೋಟಿಗೆ ಬರ್ರಿ. ನಾಡಿದ್ದು ಅನಬ್ಯಾಡ್ರಿ."

ನಿಮಗೆ ಉಗುರು ಕಚ್ಚಿಕೊಳ್ಳುವ ಕೆಲಸ ಬೇಡ, ಈಗಲೇ ಹೇಳಿಬಿಡುತ್ತೇನೆ. ಅದು ಕ್ಯಾನ್ಸರೇ ಆಗಿತ್ತು. ಹರಡುವ ಮೊದಲೇ ಸಿಕ್ಕಿತು, ಆಪರೇಷನ್ ಆಯಿತು, ಕೂದಲು ಉದುರಿತು, ಮತ್ತೆ ಬೆಳೆಯಿತು. ಅಂದಪ್ಪ ಯಾರನ್ನೂ ಕೇಳದೆ ಅಡುಗೆಮನೆಗೆ ಹೊಗೆಗೂಡು ಕಟ್ಟಿಸಿದ. ಶಿವಬಸವ್ವನ ದನಿಗೆ ಏನೂ ಆಗಲಿಲ್ಲ. ಆದರೆ ಅಂದು ಪರದೆಯ ಈಚೆ ಕಾಲಿಟ್ಟಾಗ ಇದೊಂದೂ ಅವಳಿಗೆ ಗೊತ್ತಿರಲಿಲ್ಲ. ಸಾವು ಬಂದು ಬಗಲಲ್ಲಿ ಕೂತಿದೆ ಎಂದೇ ತಿಳಿದಿದ್ದಳು.

ಪಡಸಾಲೆಯಲ್ಲಿ ಎಲ್ಲರ ಕಣ್ಣೂ ಅವಳ ಮೇಲಿತ್ತು. "ಏನಂದ್ರ?" ಎಂದಳು ಶಾರವ್ವ. ಅವಳ ಚಪ್ಪಲಿ ಆಗಲೇ ಕಾಲಲ್ಲಿತ್ತು. ಏನೂ ಇಲ್ಲವಂತೆ ಎಂದುಬಿಟ್ಟರೆ ಇವರೆಲ್ಲ ನಗುನಗುತ್ತ ಒಳಗೆ ಹೋಗುತ್ತಾರೆ. ಇದೆ ಎಂದರೆ ಹೆದರಿ ಒಬ್ಬರೂ ನಿಲ್ಲುವುದಿಲ್ಲ. ಸುಳ್ಳು ನಾಲಗೆಯ ತುದಿಯವರೆಗೆ ಬಂತು. ಆದರೆ ಮುಚ್ಚಿಟ್ಟು ಮುಚ್ಚಿಟ್ಟು ಶಿವಬಸವ್ವನಿಗೆ ಸಾಕಾಗಿಹೋಗಿತ್ತು.

"ಗಂಟೈತಿ," ಎಂದಳು. "ಭಾಳ ದಿನದಿಂದ ಐತಿ. ಜಡ್ಡ ಅಂತ ನನಗ ನಾನ ಸುಳ್ಳ ಹೇಳ್ಕೊಂಡು ಕುಂತಿದ್ದೆ. ನಾಳಿ ಬಾಗಲಕೋಟಿಗೆ ಹೋಗ್ತೇನಿ. ನನ್ನಂಗ ಹುಚ್ಚಿ ಆಗಬ್ಯಾಡ್ರೆವ್ವಾ. ಕೈ ಮುಗಿತೇನಿ."

ಆಗ ಮೂಲೆಯಲ್ಲಿ ಅಮೀನಬಿ ಗೋಡೆ ಹಿಡಿದುಕೊಂಡು ಎದ್ದಳು.

"ಯಕ್ಕಾ, ನನಗೂ ಐತಿ."

"ಏನ್ ಐತಿ?"

"ಗಂಟು. ನೀ ನಿಂದು ಹೇಳೂಕಿಂತ ಮೊದಲಿಂದ ಐತಿ."

"ಮತ್ತ ದಿನಾ ನನ್ನ ಜೀವ ತಿಂತಿದ್ದೆಲ್ಲ, ದವಾಖಾನಿ, ದವಾಖಾನಿ ಅಂತ!"

"ನೀ ಹೋಗಿ ಬಂದ್ರ ನಿನ್ನ ಹಿಂದ ನಾನೂ ಹೋಗಾಕ ಧೈರ್ಯ ಬರತೈತಿ ಅಂತ ಕಾದೆ. ನೀ ಹೋಗಲೇ ಇಲ್ಲ," ಎಂದು ಅಮೀನಬಿ ಅಳತೊಡಗಿದಳು.

ಶಿವಬಸವ್ವನಿಗೆ ಬೈಗುಳಕ್ಕೆ ಎಂದಾದರೂ ಬರಗಾಲವಿತ್ತೇ? ಹತ್ತಾರು ಬಂದವು. ಆದರೆ ಯಾವುದನ್ನು ಎತ್ತಿಕೊಂಡರೂ ಅದು ಮೊದಲು ತನಗೇ ಹತ್ತುವಂತಿತ್ತು. ತಾನು ತಡ ಮಾಡಿದ ಒಂದೊಂದು ದಿನವನ್ನೂ ಇವಳೂ ತನ್ನ ಜೊತೆಗೆ ಕಳೆದಿದ್ದಳಲ್ಲ ಎಂದು ನೆನೆದು ಅವಳಿಗೆ ತನ್ನ ಗಂಟಿಗಿಂತ ಹೆಚ್ಚು ಸಂಕಟವಾಯಿತು. ಅಮೀನಬಿಯದು ಬರೀ ಕೊಬ್ಬಿನ ಗಂಟೆಂದು ಆಮೇಲೆ ಗೊತ್ತಾಯಿತು, ಆದರೆ ಆ ಹೊತ್ತಿನಲ್ಲಿ ಯಾರಿಗೆ ಗೊತ್ತಿತ್ತು? ಶಿವಬಸವ್ವ ಅವಳ ರಟ್ಟೆ ಹಿಡಿದು ಪರದೆಯೊಳಗೆ ನೂಕಿಕೊಂಡು ಹೋದಳು.

"ಬಾಯಾರ, ಇನ್ನೊಬ್ಬಾಕಿ ಅದಾಳ್ರಿ. ಇಕಿನ್ನ ಚಲೋತ್ನಂಗ ನೋಡ್ರಿ. ನಾ ಇಲ್ಲೇ ಕೈ ಹಿಡ್ಕೊಂಡು ನಿಂದರ್ತೇನಿ."

ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಗಟ್ಟಿಯಾಗಿಯೇ ಅತ್ತರು. ಅತ್ತದ್ದು ಬಸ್‌ಸ್ಟ್ಯಾಂಡಿನವರೆಗೂ ಕೇಳಿರಬೇಕು. ಸ್ವಲ್ಪ ಹೊತ್ತು ನೋಡಿ, ಪರದೆಯ ಆಚೆಯಿಂದ ಶಾರವ್ವ ಕೂಗಿದಳು.

"ಯಕ್ಕಾ, ಲಗೂನ ಅತ್ತು ಮುಗಸ್ರಿ! ಹೊರಗ ಪಾಳಿ ಭಾಳೈತಿ, ನಂದ ಮೊದಲೈತಿ!"