ಅಕ್ಕನ ಕಾಲು

ದುಂಡಸಿಯ ಸವಿತಾಳ ಬೆನ್ನು ಹಿಡಿದುಕೊಂಡು ತಿಂಗಳಾಗಿತ್ತು. ಎಣ್ಣೆ ತಿಕ್ಕಿದ್ದಾಯಿತು, ಕಾವು ಕೊಟ್ಟಿದ್ದಾಯಿತು, ಗುಳಿಗೆ ನುಂಗಿದ್ದಾಯಿತು. ಬೆನ್ನು ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಮದ್ದು ಏನೆಂದು ಅವಳಿಗೆ ಗೊತ್ತಿತ್ತು. ತಡಸಕ್ಕೆ ಕೊಟ್ಟ ಅವಳ ಅಕ್ಕ ಹೊಳೆವ್ವ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಒಮ್ಮೆ ಕಾಲಿನಿಂದ ಬೆನ್ನು ಮುಟ್ಟಿದರೆ ಎಂಥ ಹಿಡಿತವೂ ಬಿಡುತ್ತದೆ ಎಂಬುದು ಸೀಮೆಯ ನಂಬಿಕೆ. ಚಿಕ್ಕಂದಿನಲ್ಲಿ ತವರಿನ ಕಟ್ಟೆಯ ಮೇಲೆ ಬೆನ್ನು ಹಿಡಿದವರ ಸಾಲೇ ಇರುತ್ತಿತ್ತು. ಸವಿತಾ ಬೇನೆ ಇಲ್ಲದಿದ್ದರೂ ಅಕ್ಕನ ಮುಂದೆ ಬೋರಲು ಬೀಳುತ್ತಿದ್ದಳು.

ಆದರೆ ಅಕ್ಕ ಬರುವುದು ಹೇಗೆ? ಮದುವೆಯೊಂದರ ಪಂಕ್ತಿಯಲ್ಲಿ ಹೊಳೆವ್ವನ ಗಂಡನ ಹೋಳಿಗೆಗೆ ತುಪ್ಪ ಬೀಳಲಿಲ್ಲ. ಬಡಿಸುತ್ತಿದ್ದವನು ಸವಿತಾಳ ಗಂಡ. ಅಷ್ಟಕ್ಕೇ ಗಂಡಸರಿಬ್ಬರೂ ಮೀಸೆ ತಿರುವಿದರು, ಅಕ್ಕತಂಗಿಯರು ಹೋಗಿಬರುವುದು ನಿಂತಿತು. ಸವಿತಾಳಿಗೆ ಇವತ್ತಿಗೂ ಸಿಟ್ಟು. ಸಿಟ್ಟಿಗಿಂತ ಅಕ್ಕನ ಹಂಬಲವೇ ಹೆಚ್ಚು. ಬೆನ್ನು ಹಿಡಿದಿದೆ, ಬಾ ಎಂದು ಹೇಳಿಕಳಿಸಿದ್ದಳು. ಅಕ್ಕ ಬರಲಿಲ್ಲ.

ಕಡೆಗೆ ಶಿಗ್ಗಾವಿಗೆ ಹೊರಟಳು. ಹೊಲದಲ್ಲಿ ಬಗ್ಗಿ ದುಡಿಯುವ ಹೆಂಗಸರ ಬೆನ್ನಿನ ಬಿಗಿತ ಅಳೆಯಲು ಅಲ್ಲಿನ ಆಸ್ಪತ್ರೆಗೆ ಸ್ಕ್ಯಾನಿಂಗ್ ಯಂತ್ರ ತಂದಿದ್ದರು. "ಈ ವಯಸ್ಸಿನ್ಯಾಗ ಸ್ಕ್ಯಾನಿಂಗಾ? ಬರೂ ಮುಂದ ಪೇಡೆ ತೊಗೊಂಡು ಬಾ" ಎಂದು ಓಣಿಯ ಹೆಂಗಸರು ನಕ್ಕರು.

ಯಂತ್ರ ನಡೆಸುವವಳು ಸವಣೂರಿನ ಹುಡುಗಿ ಫರ್ಹತ. ಸವಿತಾಳನ್ನು ಬೋರಲು ಮಲಗಿಸಿ, ಬೆನ್ನಿಗೆ ತಣ್ಣಗಿನ ಜೆಲ್ ಸವರಿ, ಯಂತ್ರದ ಹಿಡಿಯನ್ನು ಹಗುರವಾಗಿ ಇಟ್ಟಳು.

"ಇಲ್ನೋಡ್ರಿ, ನೀಲಿ ಇದ್ದಲ್ಲಿ ಮೆತ್ತಗ, ಕೆಂಪು ಇದ್ದಲ್ಲಿ ಬಿಗಿ. ಎಡಕ್ಕ ಪೂರಾ ಕೆಂಪೈತಿ. ಮೈ ಸಡ್ಲ ಬಿಡ್ರಿ."

"ಬಿಟ್ಟೇನವಾ."

"ಇಲ್ರಿ. ಯಾರರ ಒದೀತಾರ ಅನ್ನೂಹಂಗ ಬಿಗಿ ಹಿಡದೀರಿ."

"ಒದೀಲಿ ಅಂತನ ಕಾಯಾಕತ್ತೇನಿ."

"ಯಾರು?" ಫರ್ಹತ ನಕ್ಕಳು.

"ನಮ್ಮಕ್ಕ."

ಆ ಮಾತು ಬಾಯಿಗೆ ಬಂದದ್ದೇ ತಡ, ಸವಿತಾ ದಿಂಬಿಗೆ ಮುಖ ಒತ್ತಿ ಅಳತೊಡಗಿದಳು. "ಅಳಬ್ಯಾಡ್ರಿ, ಚಿತ್ರ ಅಳ್ಳಾಡತೈತಿ" ಎಂದಳು ಫರ್ಹತ, ಮೆಲ್ಲಗೆ.

ಬಸ್ ಸ್ಟ್ಯಾಂಡಿನಲ್ಲಿ ದುಂಡಸಿಯ ಬಸ್ಸು ನಿಂತಿತ್ತು. ಸವಿತಾ ಅದನ್ನು ಬಿಟ್ಟು ತಡಸದ ಬಸ್ಸು ಹತ್ತಿದಳು. ಗಂಡ ಕೇಳಿದರೆ ತುಪ್ಪ ತರಲು ಹೋಗಿದ್ದೆ ಎಂದರಾಯಿತು.

ಹೊಳೆವ್ವ ಪಡಸಾಲೆಯ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ತಂಗಿಯನ್ನು ಕಂಡರೂ ಏಳಲಿಲ್ಲ.

"ಹೇಳಿಕಳಿಸಿದ್ರೂ ಬರಲಿಲ್ಲಲ್ಲ ಅಕ್ಕಾ. ಇನ್ನೂ ತುಪ್ಪದ ಸಿಟ್ಟೇನು?"

"ಯಾವ ತುಪ್ಪ ತಗೀ. ಮೊಣಕಾಲು ಹ್ವಾದುವು, ಸವಿ. ಸ್ಟ್ಯಾಂಡಿನ ತನಕ ಬಂದಿದ್ನಿ, ಬಸ್ ಏರಾಕ ಆಗಲಿಲ್ಲ. ನಿನ್ನ ಬೆನ್ನಿಗೆ ಕಾಲು ಎತ್ತಾಕ ಬರಾಂಗಿಲ್ಲ ಅಂತ ಹೆಂಗ ಹೇಳಿಕಳಸ್ಲಿ?"

ಸವಿತಾ ಮಂಚದ ಮುಂದೆ, ಅಕ್ಕನ ಕಾಲ ಬುಡದಲ್ಲಿ, ನೆಲದ ಮೇಲೆ ಬೋರಲು ಮಲಗಿದಳು. ಕೈ ಹಿಂದೆ ಚಾಚಿ, ನೋವಿಗೆ ಹಲ್ಲು ಕಚ್ಚಿ, ಅಕ್ಕನ ಊದಿದ ಪಾದವನ್ನು ತಾನೇ ಎತ್ತಿ ಬೆನ್ನಿನ ಮೇಲೆ ಇಟ್ಟುಕೊಂಡಳು. ಮೇಲೆ ಅಕ್ಕ ಬಿಕ್ಕುತ್ತಿದ್ದಳು.

"ಭಾರ ಹಾಕಕ್ಕಾ."

"ಹಾಕೇನವಾ. ಕಾಲಾಗ ಇಷ್ಟ ಉಳದೈತಿ."