ಸುಮ್ಮನೆ ಓಡಿದ ಹಾಲ

ಮೋಟಾರು ಬಸ್ಸು ಬಂದ ಮೇಲೆ ನಮ್ಮ ಹಟ್ಟಿಗಳ ಗಂಡಸರಿಗೆ ಏದುಸಿರೂ ಬಂದಿದೆ. ಅಜ್ಜಂದಿರು ಉದಕಮಂಡಲದ ಸಂತೆಗೆ ನಡೆದು ಹೋಗಿ ನಡೆದೇ ಬರುತ್ತಿದ್ದರು. ಮೊಮ್ಮಕ್ಕಳು ಬಸ್ಸಿಳಿದು ಮನೆಯ ಏರು ಹತ್ತುವಷ್ಟರಲ್ಲಿ ಎರಡು ಕಡೆ ಕುಳಿತುಕೊಳ್ಳುತ್ತಾರೆ.

ಆಲೂಗಡ್ಡೆ ವ್ಯಾಪಾರದ ಹಾಲನೂ ಹಾಗೆಯೇ ಆಗಿದ್ದ. ಹರೆಯದಲ್ಲಿ ಮೂಟೆ ಹೊತ್ತು ಬೆಟ್ಟ ಇಳಿದವನು. ಈಗ ಮೂಟೆ ಹೊರಲು ಆಳುಗಳಿದ್ದರು, ಅವನನ್ನು ಹೊರಲು ಬಸ್ಸಿತ್ತು. ಹೊಟ್ಟೆ ಮುಂದೆ ಬಂದಿತ್ತು. ಬಸ್ಸಿಳಿದು ಮನೆ ಸೇರಿದರೆ ಹೆಂಡತಿ ಲಿಂಗಿ ನೀರು ಕೊಟ್ಟು ಸ್ವಲ್ಪ ಹೊತ್ತು ಕಾಯಬೇಕಿತ್ತು. ಆಮೇಲೆಯೇ ಅವನ ಬಾಯಲ್ಲಿ ಮಾತು ಹೊರಡುತ್ತಿದ್ದುದು.

ಆ ವರ್ಷ ಅವನ ಮಗಳು ನಂಜಿ ಬಸುರಿಯಾದಳು. ಚೊಚ್ಚಲು. ಏಳನೇ ತಿಂಗಳಲ್ಲಿ ಗಂಡ ಹೆಂಡತಿಯ ಕೊರಳಿಗೆ ಕಣ್ಣಿ, ಅಂದರೆ ದಾರ, ಹಾಕುವ ಶಾಸ್ತ್ರ ನಮ್ಮಲ್ಲಿದೆ. ಸುಮ್ಮನೆ ಹಾಕುವಂತಿಲ್ಲ. ನೆಂಟರ ಎದುರಿಗೆ ಮಾವನನ್ನು ಕೇಳಬೇಕು. ಮಾವ "ಹಾಕು" ಅನ್ನಬೇಕು.

ನಂಜಿಯನ್ನು ಕೊಟ್ಟ ಹಟ್ಟಿ ಕೀಳ್ ಕೋತಗಿರಿಯ ಇಳಿಜಾರಿನಲ್ಲಿದೆ. ಬಸ್ಸು ಮೇಲೆಯೇ ನಿಲ್ಲುತ್ತದೆ. ಅಲ್ಲಿಂದ ಕೆಳಕ್ಕೆ ಕಾಲುದಾರಿ. ಬಸುರಿನ ಸುದ್ದಿ ಬಂದ ದಿನವೇ ಹಾಲನ ತಮ್ಮ ಮಾದನ್ ಲೆಕ್ಕ ಮುಗಿಸಿಬಿಟ್ಟ.

"ಅಣ್ಣ, ಆ ದಾರಿ ಇಳಿಯೋದು ನಿನ್ನ ಕೈಲಾಗಲ್ಲ. ಟೀ ತೋಟದ ದೊರೆಸಾನಿ ಕೂರೋ ಡೋಲಿ ಇದೆ, ಕೇಳ್ತೀನಿ. ಬೇಡ ಅಂದ್ರೆ ನೀನು ಮನೇಲಿರು. ಅಳಿಯ ಕೇಳಿದಾಗ ನಾನೇ 'ಹಾಕು' ಅಂತೀನಿ. ಒಂದು ಮಾತು ತಾನೇ?"

ಹಾಲ ಆಗ ತಾನೇ ಏರು ಹತ್ತಿ ಬಂದಿದ್ದ. ಸಿಟ್ಟು ಬಂತು, ಉಸಿರು ಬರಲಿಲ್ಲ. ಸ್ವಲ್ಪ ತಡೆದು ಹೇಳಿದ:

"ನಾಲ್ಕು ಜನರ ಹೆಗಲ ಮೇಲೆ ಒಂದೇ ಸಲ ಹೋಗ್ತೀನಿ ಮಾದ. ಅದು ಈಗಲ್ಲ. ನನ್ನ ಮಗಳಿಗೆ ಕೊಡೋ ಮಾತು ನನ್ನ ಬಾಯಿಂದಲೇ ಬರ್ಬೇಕು."

"ಬರ್ಬೇಕಾದ್ರೆ ಬಾಯಿ ಅಲ್ಲಿರ್ಬೇಕಲ್ಲಣ್ಣ!" ಎಂದು ಮಾದನ್ ನಕ್ಕ.

ಮರುದಿನ ಪಕ್ಕದ ಮನೆಯ ಬಾಣಂತಿಯನ್ನು ನೋಡಲು ಆಸ್ಪತ್ರೆಯ ನರ್ಸಮ್ಮ ಪಂಕಜಂ ಬಂದಿದ್ದರು. ಲಿಂಗಿ ಅವರನ್ನು ಕರೆತಂದಳು.

"ಹೋದ ತಿಂಗಳು ಡಾಕ್ಟರು ನಿಮ್ಮ ಎದೆ ನೋಡಿದ್ರಲ್ಲ, ಏನಂದ್ರು?" ಎಂದು ನರ್ಸಮ್ಮ ಹಾಲನನ್ನು ಕೇಳಿದರು.

"ಎದೆ ಗಟ್ಟಿ ಇದೆಯಂತೆ. ಮೈ ಸೋಮಾರಿ ಆಗಿದೆಯಂತೆ" ಎಂದ ಹಾಲ.

"ಹಾಗಾದ್ರೆ ಅಯ್ಯಾ, ದಿನಾ ನಡೀರಿ. ಬೆಳಿಗ್ಗೆ ಎದ್ದು ಬಿರಬಿರನೆ."

ಲಿಂಗಿಗೆ ಇದು ಹಿಡಿಸಲಿಲ್ಲ. "ಕೆಲಸ ಇಲ್ದೆ ನಡೆಯೋದಾ ನರ್ಸಮ್ಮಾ? ಹೊಲ ಇಲ್ವಾ?"

"ಹೊಲದಲ್ಲಿ ಇವರು ಏನ್ ಮಾಡ್ತಾರೆ ಅಕ್ಕ?"

"ಇವರಾ? ಬದುವಿನ ಮೇಲೆ ಕೂತು ಆಳುಗಳನ್ನ ಕೂಗ್ತಾರೆ."

"ಬಾಯಿಗೆ ವ್ಯಾಯಾಮ ಆಯ್ತು. ಕಾಲಿಗೆ?"

ಲಿಂಗಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನರ್ಸಮ್ಮ ಎದ್ದು ಹೊರಡುತ್ತಾ ಹೇಳಿದರು: "ಮೊದಲು ಸಮ ದಾರೀಲಿ ಸ್ವಲ್ಪ ದೂರ. ಮಾತಾಡ್ತಾ ನಡೀಬೇಕು. ಮಾತು ಕಟ್ಟಿದ್ರೆ ನಿಧಾನ ಮಾಡಿ. ಎದೆ ನೋವು, ತಲೆಸುತ್ತು ಬಂದ್ರೆ ನಿಂತುಬಿಡಿ, ಆಸ್ಪತ್ರೆಗೆ ಬನ್ನಿ. ದಿನಾ ಅದೇ ದಾರಿ ಬೇಸರ. ದಾರಿ ಬದಲಾಯಿಸಿ."

ಹಾಲ ಹೊರಟ. ಹಟ್ಟಿಯ ಕಲ್ಲುಕಟ್ಟೆಯ ಮೇಲೆ ಕುಳಿತವರಿಗೆ ಹಬ್ಬವಾಯಿತು.

"ಏ ಹಾಲ, ಎಮ್ಮೆ ತಪ್ಪಿಸ್ಕೊಂತಾ?"

"ಬಸ್ಸು ತಪ್ಪಿಸ್ಕೊಂತು. ಹಿಡಿಯೋಕೆ ಹೋಗ್ತಿದಾನೆ."

ಮೊದಲ ವಾರ ಹಾಲನಿಗೆ ಕಣಕಾಲು ನೊಂದಿತು, ಕಟ್ಟೆಯವರ ಮಾತಿಗೆ ಮನಸ್ಸೂ ನೊಂದಿತು. ಆಮೇಲೆ ದಾರಿ ಬದಲಾಯಿಸಿದ. ಚಿಕ್ಕವನಿದ್ದಾಗ ಎಮ್ಮೆ ಮೇಯಿಸಿದ ಹುಲ್ಲುಗುಡ್ಡಕ್ಕೆ ಹೋದ. ಆಗ ನೀರು ಕುಡಿದ ಒರತೆ ಪೊದೆಯ ಕೆಳಗೆ ಹಾಗೆಯೇ ಒಸರುತ್ತಿತ್ತು. ಒಂದು ದಿನ ಮಂಜಿನಲ್ಲಿ ಎದುರಿಗೆ ಕಂಡ ಕರಿಬಂಡೆ ಕಿವಿ ಅಲ್ಲಾಡಿಸಿತು. ಕಾಟಿ, ಕಾಡುಕೋಣ! ಹಾಲ ಉಸಿರು ಬಿಗಿಹಿಡಿದು ಹಿಂದೆ ಹಿಂದೆ ಸರಿದು ಬಂದ. ಮನೆಗೆ ಬಂದು ಅದನ್ನು ಹೇಳುವಾಗ ಅವನ ಕಣ್ಣು ಹೊಳೆಯುತ್ತಿತ್ತು. ಬಸ್ಸಿನಿಂದ ಇಳಿದು ಬಂದು ಅವನು ಎಂದೂ ಹೀಗೆ ಏನನ್ನೂ ಹೇಳಿರಲಿಲ್ಲ.

ಮಾರನೆಯ ದಿನ ಲಿಂಗಿ ತಾನೂ ಹೊರಟಳು. ಹುಟ್ಟಿದಾಗಿನಿಂದ ಅವಳು ಈ ಬೆಟ್ಟಗಳಲ್ಲಿ ನಡೆದವಳೇ. ಆದರೆ ತಲೆಯ ಮೇಲೆ ಸೌದೆಯಿಲ್ಲದೆ, ಬೆನ್ನಿಗೆ ಬುಟ್ಟಿಯಿಲ್ಲದೆ ನಡೆದದ್ದು ಅದೇ ಮೊದಲು. ಕೈಗಳನ್ನು ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಸ್ವಲ್ಪ ದೂರ ಕಟ್ಟಿಕೊಂಡಳು. ಆಮೇಲೆ ಬೀಸಿದಳು.

ಎಡವಟ್ಟಾದದ್ದು ಒಂದು ಬಿಸಿಲಿನ ಬೆಳಿಗ್ಗೆ. ಅಂದು ಹಾಲ ಒಬ್ಬನೇ ಹೋಗಿದ್ದ. ಹುಲ್ಲಿನ ಇಳಿಜಾರು ಕಂಡಿತು. ಕಾಲು ಹಗುರವಾಗಿತ್ತು. ಓಡಿಯೇಬಿಟ್ಟ. ತಲೆಯ ಬಿಳಿ ರುಮಾಲು ಜಾರಿತು. ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ನಗುತ್ತಾ, ಎದುರು ಹಟ್ಟಿಯ ಕಡೆಗೆ ಓಡಿದ.

ನಮ್ಮಲ್ಲಿ ಸಾವಿನ ಸುದ್ದಿ ತರುವವನು ಹಟ್ಟಿ ಹತ್ತಿರ ಬಂದಾಗ ರುಮಾಲು ತೆಗೆಯುತ್ತಾನೆ. ಬರಿತಲೆಯಲ್ಲಿ ಓಡಿಬರುವವನನ್ನು ಕಂಡು ಎದುರು ಹಟ್ಟಿಯ ಹೊಲದಲ್ಲಿದ್ದ ಹೆಂಗಸರು ಗುದ್ದಲಿ ಬಿಟ್ಟರು. ಒಬ್ಬಳು ದನಿ ತೆಗೆದು ಅತ್ತಳು. ಹಾಲ ಹಟ್ಟಿ ತಲುಪುವಷ್ಟರಲ್ಲಿ ಗಂಡಸರೆಲ್ಲ ಹೊರಗೆ ನಿಂತಿದ್ದರು.

"ಯಾರಪ್ಪಾ? ಯಾರು ಹೋದ್ರು?"

ಹಾಲನಿಗೆ ಉಸಿರಿಲ್ಲ. ಕೈಯಾಡಿಸಿದ. ದುಃಖದಿಂದ ಗಂಟಲು ಕಟ್ಟಿದೆ ಎಂದುಕೊಂಡು ಒಬ್ಬ ಮುದುಕ ಅವನನ್ನು ಅಪ್ಪಿಕೊಂಡ.

"ಯಾರೂ ಹೋಗಿಲ್ಲ" ಎಂದ ಹಾಲ ಕೊನೆಗೆ. "ನಾನೇ ಓಡ್ದೆ."

"ಯಾಕೆ?"

"ಸುಮ್ನೆ."

ಅತ್ತವಳಿಗೆ ಬಂದ ಕೋಪ ಹೇಳತೀರದು. ಹಾಲ ಅವಳಿಗೂ ಮುದುಕನಿಗೂ ಕೈಮುಗಿದು ತಪ್ಪಾಯಿತೆಂದ. ಆದರೂ ಸಂಜೆಯೊಳಗೆ ದೂರು ಬಂತು. ಹಟ್ಟಿಯ ಹಿರಿಯರಾದ ಗೌಡರು ಹಾಲನನ್ನು ಕರೆಸಿದರು. ಮಾದನ್ ಮುಂದೆಯೇ ಕುಳಿತಿದ್ದ.

"ಅಣ್ಣನಿಗೆ ಬುದ್ಧಿ ಹೇಳಿ ಗೌಡ್ರೇ. ಹಟ್ಟಿ ಮಾನ ಹೋಯ್ತು. ಇನ್ಮೇಲೆ ಮನೇಲಿರ್ಲಿ, ಕಣ್ಣಿ ದಿನ ನಾನು ಹೋಗ್ತೀನಿ."

"ನಮ್ಮಲ್ಲಿ ಹೀಗೆ ಓಡೋ ಪದ್ಧತಿ ಇಲ್ಲ ಹಾಲ" ಎಂದರು ಗೌಡರು. "ನಿಲ್ಲಿಸು."

ಹಾಲ ಹಿರಿಯರ ಎದುರು ದನಿ ಎತ್ತಿದವನಲ್ಲ. ಅಂದು ಎತ್ತಿದ.

"ಬರಿತಲೇಲಿ ಓಡಿದ್ದು ತಪ್ಪು ಗೌಡ್ರೇ, ಒಪ್ಕೊಂಡೆ. ನಾಳೆಯಿಂದ ರುಮಾಲು ಬಿಗಿಯಾಗಿ ಕಟ್ತೀನಿ. ಓಡೋದು ನಿಲ್ಸಲ್ಲ. ಸತ್ತವರ ಸುದ್ದಿಗೆ ಓಡಬಹುದು. ಬದುಕಿರೋ ಮಗಳಿಗೋಸ್ಕರ ಓಡಬಾರ್ದಾ?"

ಬಾಗಿಲ ಬಳಿ ನಿಂತಿದ್ದ ಲಿಂಗಿ ಹೇಳಿದಳು: "ನಾನೂ ನಡೀತೀನಿ. ಬರೀಗೈಲೇ. ನೋಡೋರು ನೋಡ್ಲಿ."

ಗೌಡರು ಗಡ್ಡ ಕೆರೆದುಕೊಂಡರು. "ರುಮಾಲು ಬಿಗೀಬೇಕು" ಎಂದಷ್ಟೇ ಹೇಳಿ ಎದ್ದರು.

ಇಬ್ಬರೂ ಬಿಡಲಿಲ್ಲ. ಚಳಿ ಕೊರೆದ ದಿನ ಕಂಬಳಿ ಹೊದ್ದು ಹೋದರು. ಮಳೆ ಜೋರಾದ ದಿನ ಬಿಟ್ಟರು, ಮರುದಿನ ಮತ್ತೆ ಹೊರಟರು. ಏರಿನಲ್ಲಿ ಹಾಲ ಮಾತಾಡುತ್ತಲೇ ಹತ್ತುವಂತಾದ. ಲಿಂಗಿಗೆ ಈಗ ಅವನ ಮಾತೇ ಹೆಚ್ಚಾಯಿತು.

ಕಣ್ಣಿಯ ದಿನ ಬಸ್ಸಿಳಿದಾಗ ಡೋಲಿ ಕಾಯುತ್ತಿತ್ತು. ಮಾದನ್ ಅಣ್ಣನನ್ನು ಕೇಳದೆಯೇ ತರಿಸಿದ್ದ. ಹಾಲ ಅದರ ಪಕ್ಕದಲ್ಲೇ ಹಾದು, ನಡೆದೇ ಕಾಲುದಾರಿಗೆ ಇಳಿದ. ಲಿಂಗಿ ಹಿಂದೆಯೇ ಇಳಿದಳು. ಮಾದನ್ ಮೂರನೇ ತಿರುವಿನಲ್ಲೇ ಕಲ್ಲಿನ ಮೇಲೆ ಕುಸಿದು ಕೂತ. ಡೋಲಿಯವರು ಖಾಲಿ ಡೋಲಿ ಹೊತ್ತು ಹಿಂದೆಯೇ ಬರುತ್ತಿದ್ದರು. ಏನು ಮಾಡುವುದು? ಹತ್ತಿ ಕುಳಿತ.

ನೆಂಟರು ಸೇರಿದ್ದರು. ಅಳಿಯ ನಾಗ ದಾರ ಹಿಡಿದು ನಿಂತು ಕೇಳಿದ: "ಮಾಮ, ನಿಮ್ಮ ಮಗಳ ಕೊರಳಿಗೆ ಕಣ್ಣಿ ಹಾಕಲಾ?"

ನಂಜಿ ತಲೆ ಎತ್ತಿ ಅಪ್ಪನನ್ನು ನೋಡಿದಳು. ಅವನು ಡೋಲಿಯಲ್ಲಿ ಬರುತ್ತಾನೆ, ಇಲ್ಲವೇ ಬರುವುದೇ ಇಲ್ಲ ಎಂದು ಅವಳಿಗೆ ಎಲ್ಲರೂ ಹೇಳಿದ್ದರು.

"ಹಾಕು ಮಗನೇ" ಎಂದ ಹಾಲ. ಅಂಗಳದ ಆಚೆಗೂ ಕೇಳುವಂತೆ ಹೇಳಿದ.

ಮರುದಿನ ಹಿಂತಿರುಗುವಾಗ ಡೋಲಿಯವರು ಬಂದು ನಿಂತರು. ಮಾದನ್ ಅವರ ಮುಖ ನೋಡಲಿಲ್ಲ. "ಅಣ್ಣ, ನಿಧಾನಕ್ಕೆ ಹತ್ತು, ನಾನೂ ಬರ್ತೀನಿ" ಎಂದ. ದಾರಿಯಲ್ಲಿ ಅವನು ಐದಾರು ಕಡೆ ಕುಳಿತ. ಹಾಲ ಪ್ರತಿ ಸಲವೂ ಕಾದ, ಒಂದು ಸಲವೂ ನಗಲಿಲ್ಲ. ನಕ್ಕದ್ದು ಲಿಂಗಿ.

ಓದಿದವರೇ, ಓದಿಸಿ ಕೇಳಿದವರೇ, ನಾಳೆ ಬೆಳಿಗ್ಗೆ ನೀವೂ ಹೊರಡಿ. ಎಲ್ಲರಿಗೂ ಓಟ ಹೊಂದುವುದಿಲ್ಲ, ನಡಿಗೆ ಸಾಕು. ಎದೆಯ ತೊಂದರೆ ಇರುವವರು, ಬಸುರಿಯರು, ಬಹಳ ವಯಸ್ಸಾದವರು ಮೊದಲು ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ, ಇದನ್ನು ಮರೆಯಬೇಡಿ. ಕಾಡಂಚಿನಲ್ಲಿ ಪೂರಾ ಬೆಳಕಾದ ಮೇಲೆ, ಜೊತೆಗೊಬ್ಬರನ್ನು ಕರೆದುಕೊಂಡು ನಡೆಯಿರಿ. ಹೆಂಗಸರು ದಿನವಿಡೀ ದುಡಿಯುತ್ತೀರಿ, ನಿಜ. ಆದರೂ ಸ್ವಲ್ಪ ಹೊತ್ತು ಹೊರೆಯಿಲ್ಲದೆ, ನಿಮಗಾಗಿ ನಡೆದು ನೋಡಿ. ಕಟ್ಟೆಯ ಮೇಲಿನವರು ನಗುತ್ತಾರೆ. ನಗಲಿ. ನಗುವವರು ಕುಳಿತೇ ಇರುತ್ತಾರೆ. ನೀವು ಏಳಿ.